ಗ್ರೀನಿಚ್ ಮೂರು ಗಂಟೆ, ಗದಗಿನ ಎಂಟೂವರೆ

ಮೊಮ್ಮಗ ಮೊಬೈಲ್ ಹಿಡಿದುಕೊಂಡು ಬಂದು, “ಅಜ್ಜಾ, ನೀ ಮೊದ್ಲ ಇದ್ದ ಮನಿ ಹಳೇದಾತಂತ, ಹೊಸಾದು ಕಟ್ತಾರಂತ” ಅಂದ. ಊರಿನಲ್ಲಿರುವ ಅಪ್ಪನ ಕಾಲದ ಮಣ್ಣಿನ ಮನೆಯ ಸುದ್ದಿ ಇರಬೇಕು, ತಮ್ಮ ಕಡೆಗೂ ಅದಕ್ಕೆ ಕೈ ಹಚ್ಚಿದ ಎಂದುಕೊಂಡು ಕನ್ನಡಕ ಹುಡುಕಿದೆ. ಓದಿ ನೋಡಿದರೆ ಮೈತ್ರಿ. ಅಂಟಾರ್ಕ್ಟಿಕಾದ ಮೈತ್ರಿ.

ಹತ್ತು ವರ್ಷ ಬಾಳಿದರೆ ಸಾಕು ಎಂಬ ಲೆಕ್ಕದಲ್ಲಿ 1989ರಲ್ಲಿ ಎಬ್ಬಿಸಿದ ನೆಲೆ ಅದು. ಈಗ ಮೂವತ್ತೈದು ದಾಟಿದೆ. 2024ರ ಮೇ ತಿಂಗಳಲ್ಲಿ ಅಂಟಾರ್ಕ್ಟಿಕ್ ಒಪ್ಪಂದದ ದೇಶಗಳು ಕೊಚ್ಚಿಯಲ್ಲಿ ಸಭೆ ಸೇರಿದಾಗಲೇ ‘ಮೈತ್ರಿ-2’ ಕಟ್ಟುವ ಮಾತನ್ನು ನಮ್ಮವರು ಆಡಿದ್ದರು. ಹೊಸದು ನಿಂತ ಮೇಲೆ ಹಳೆಯದು ಇವತ್ತಲ್ಲ ನಾಳೆ ಅಲ್ಲಿಂದ ಕಾಲು ಕೀಳಲೇಬೇಕು. ಬಿಟ್ಟುಹೋದ ನೆಲೆಯನ್ನು ಕಟ್ಟಿದವರೇ ಬಿಚ್ಚಿ, ಬಳಿದು, ಹಡಗಿಗೆ ಹಾಕಿಕೊಂಡು ಹೋಗಬೇಕೆಂದು ಒಪ್ಪಂದವೇ ಹೇಳುತ್ತದೆ. ಹೆಂಡತಿ ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಓದಿ ಹೇಳಿದೆ. “ಹೋಗ್ಲಿ ಬಿಡ್ರಿ, ಮನಿಗೂ ವಯಸ್ಸಾಗ್ತೈತಿ” ಅಂದಳು. ಆಕೆಗೂ ಮೈತ್ರಿಗೂ ಹಳೆಯ ವ್ಯಾಜ್ಯ. ಅದರ ಮಾತು ಮುಂದೆ ಬರುತ್ತದೆ.

ತೊಂಬತ್ತರ ದಶಕದ ಮೊದಲಲ್ಲಿ ಹವಾಮಾನ ಇಲಾಖೆಯ ಸಣ್ಣ ನೌಕರನಾಗಿ ನಾನು ಅಲ್ಲೊಂದು ಚಳಿಗಾಲ ಕಳೆದೆ. ಶಿರಹಟ್ಟಿ ಕಡೆಯ ಒಕ್ಕಲಿಗರ ಮನೆಯ ಹುಡುಗ ಅಲ್ಲಿಗೆ ಹೇಗೆ ಹೋದ ಎಂದು ಈಗಲೂ ಕೇಳುವವರಿದ್ದಾರೆ. ಅಪ್ಪನ ವಹಿಯಿಂದ ಎಂದು ಹೇಳಿದರೆ ನಗುತ್ತಾರೆ.

ನಮ್ಮೂರು ಶಿರಹಟ್ಟಿಗೂ ಲಕ್ಷ್ಮೇಶ್ವರಕ್ಕೂ ನಡುವೆ. ಎರಿ ಹೊಲ, ಮುಂಗಾರಿಗೆ ಶೇಂಗಾ, ಹಿಂಗಾರಿಗೆ ಬಿಳಿಜೋಳ, ಕಡಲಿ. ಲಕ್ಷ್ಮೇಶ್ವರದ ದಲಾಲಿ ಅಂಗಡಿಯವರು ದೀಪಾವಳಿಗೆ ಕೊಡುತ್ತಿದ್ದ ಕೆಂಪು ರಟ್ಟಿನ ವಹಿಯಲ್ಲಿ ಅಪ್ಪ ಮುಂದಿನಿಂದ ಸಾಲದ ಲೆಕ್ಕ ಬರೆಯುತ್ತಿದ್ದ, ಹಿಂದಿನಿಂದ ಮಳೆಯ ಲೆಕ್ಕ. ಎರಡೂ ನಡುವೆ ಎಲ್ಲೋ ಕೂಡುತ್ತಿದ್ದವು. ಮಿಲಿಮೀಟರ್ ಅವನಿಗೆ ಗೊತ್ತಿರಲಿಲ್ಲ. “ಮಿರಗ ಮೂರನೇ ದಿನ, ಹಸಿ ಒಂದು ಗೇಣು.” “ಉತ್ತರಿ, ಸಂಜೀಕ, ಹಸಿ ನಾಕು ಬೆಳ್ಳು.” ಕೂರಿಗೆ ಹೂಡುವ ಮೊದಲು ಹೊಲದಲ್ಲಿ ಕೈಯಿಂದ ಮಣ್ಣು ಬಗೆದು ನೋಡಿ ಬರೆದದ್ದು. ಎಪ್ಪತ್ತೆರಡರ ಬರದ ವರ್ಷದ ಪುಟ ನನಗೆ ಕಣ್ಣಿಗೆ ಕಟ್ಟಿದಂತಿದೆ. ಆರಿದ್ರಾ, ಇಲ್ಲ. ಪುನರ್ವಸು, ಇಲ್ಲ. ಪುಷ್ಯ, ಇಲ್ಲ. ಮಳೆ ಬರದಿದ್ದರೆ ಪುಟ ಖಾಲಿ ಬಿಡಬಹುದಿತ್ತು. ಅಪ್ಪ ಬಿಡಲಿಲ್ಲ; ಒಂದೊಂದು ನಕ್ಷತ್ರದ ಎದುರಿಗೂ ‘ಇಲ್ಲ’ ಎಂದು ಬರೆದ. ಆಗ ನನಗೆ ಹತ್ತು ವರ್ಷ. ಯಾಕೆ ಬರೀತಿ ಎಂದು ಕೇಳಿದ್ದಕ್ಕೆ, “ಖಾಲಿ ಬಿಟ್ರ, ನಾ ನೋಡಿಲ್ಲ ಅಂದಂಗ ಆತು” ಅಂದಿದ್ದ.

ಕಾಲೇಜಿಗೆ ಗದಗಕ್ಕೆ ಬಂದೆ. ಬೆಟಗೇರಿಯಲ್ಲಿ ನೇಕಾರರ ಮನೆಯ ಅಟ್ಟದ ಮೇಲೆ ಬಾಡಿಗೆ ಖೋಲಿ. ಕೆಳಗೆ ಮಗ್ಗ, ಮೇಲೆ ನಾನು. ಗದಗಿನಲ್ಲಿ ಹವಾಮಾನ ಇಲಾಖೆಯ ವೀಕ್ಷಣಾಲಯ ಇದೆ ಎಂದು ಆಗ ನನ್ನ ಪ್ರೊಫೆಸರರಿಗೇ ಗೊತ್ತಿರಲಿಲ್ಲ. ಅಲ್ಲಿ ಒಬ್ಬ ಹಿರಿಯರು, ಸದಾ ಬಾಯಲ್ಲಿ ಎಲಿ-ಅಡಿಕಿ. ಬೆಳಗ್ಗೆ ಎಂಟೂವರೆಗೆ ಸರಿಯಾಗಿ ಜಾಲರಿ ಬಾಗಿಲಿನ ಬಿಳಿ ಪೆಟ್ಟಿಗೆ ತೆರೆದು, ಒಣ ಬಲ್ಬು, ಒದ್ದೆ ಬಲ್ಬು, ಗರಿಷ್ಠ, ಕನಿಷ್ಠ ಓದಿ, ಮಳೆಮಾಪಕದ ನೀರನ್ನು ಅಳತೆ ಗಾಜಿಗೆ ಸುರಿದು, ಮುಗಿಲನ್ನು ಎಂಟು ಪಾಲು ಮಾಡಿ ಎಷ್ಟು ಪಾಲು ಮೋಡ ಎಂದು ನೋಡಿ ಬರೆಯುತ್ತಿದ್ದರು. ಆಮೇಲೆ ಅದೆಲ್ಲ ಐದೈದು ಅಂಕಿಯ ಗುಂಪುಗಳಾಗಿ ತಾರಿನ ಮೂಲಕ ಪುಣೆಗೆ ಹೋಗುತ್ತಿತ್ತು. ಒಂದು ಮುಂಜಾನೆ ನಾನು ಬೇಲಿಯಾಚೆ ನಿಂತು ನೋಡುತ್ತಿದ್ದಾಗ ಒಳಗೆ ಕರೆದರು. ಥರ್ಮಾಮೀಟರ್ ಓದಲು ಕೊಟ್ಟರು. ನಾನು ಸುಮಾರಾಗಿ ಇಷ್ಟು ಎಂದೆ. “ತಮ್ಮಾ, ಸುಮಾರು ಗಿಮಾರು ಇಲ್ಲಿ ನಡ್ಯಂಗಿಲ್ಲ. ಕಂಡದ್ದು ಬರಿ, ಅನಿಸಿದ್ದು ಬರೀಬ್ಯಾಡ” ಅಂದರು. ಇದೇ ಹೊತ್ತಿಗೆ, ಗ್ರೀನಿಚ್ ಮೂರು ಗಂಟೆಗೆ, ಜಗತ್ತಿನ ತುಂಬ ಸಾವಿರಾರು ಜನ ಇಂಥದೇ ಪೆಟ್ಟಿಗೆ ತೆರೆದು ಇದೇ ಕೆಲಸ ಮಾಡುತ್ತಿರುತ್ತಾರೆ ಎಂದು ಅವರೇ ಹೇಳಿದ್ದು. ಆ ಮಾತು ತಲೆಗೆ ಏರಿತು. ಬಿ.ಎಸ್ಸಿ. ಮುಗಿಸಿ ಪರೀಕ್ಷೆ ಬರೆದು ಇಲಾಖೆ ಸೇರಿದೆ. ಪುಣೆಯ ಶಿವಾಜಿನಗರದ ನಮ್ಮ ಕಚೇರಿಗೆ ಜನ ಈಗಲೂ ‘ಸಿಮ್ಲಾ ಆಫೀಸ್’ ಅನ್ನುತ್ತಾರೆ. 1928ರಲ್ಲಿ ಅದು ಸಿಮ್ಲಾದಿಂದ ಇಳಿದುಬಂದ ಕಚೇರಿ.

ಅಂಟಾರ್ಕ್ಟಿಕಾಕ್ಕೆ ಹೆಸರು ಕೊಡಿ ಎಂಬ ಸುತ್ತೋಲೆ ಬಂದಾಗ ಕೊಟ್ಟೆ. ಧೈರ್ಯದಿಂದೇನಲ್ಲ. ಭತ್ಯೆ ಚೆನ್ನಾಗಿತ್ತು, ತಂಗಿಯ ಮದುವೆಯ ಸಾಲ ಬಾಕಿ ಇತ್ತು. ದೆಹಲಿಯಲ್ಲಿ ದೇಹದ ತಪಾಸಣೆ, ಹಿಮಾಲಯದ ಔಲಿಯಲ್ಲಿ ಗಡಿ ಪೊಲೀಸರಿಂದ ಮಂಜಿನ ಮೇಲೆ ನಡೆಯುವ ತರಬೇತಿ. ಎರಡನ್ನೂ ಮುಗಿಸಿ ಊರಿಗೆ ಬಂದು ಅವ್ವನ ಮುಂದೆ ಹೇಳಿದೆ.

“ಅಲ್ಲಿ ಜ್ವಾಳ ಬೆಳಿತಾವನ?”

“ಇಲ್ಲವ್ವ, ಹುಲ್ಲೂ ಬೆಳ್ಯಂಗಿಲ್ಲ.”

“ಮಂದಿ ಅದಾರನ?”

“ಇಲ್ಲ.”

“ಮತ್ತ ಅಲ್ಲಿ ಯಾರ ಸಲುವಾಗಿ ಹವಾ ನೋಡ್ತಿ?”

ಇಲಾಖೆಯ ಸಂದರ್ಶನದಲ್ಲೂ ಇಷ್ಟು ನೇರ ಪ್ರಶ್ನೆ ಯಾರೂ ಕೇಳಿರಲಿಲ್ಲ. ದಕ್ಷಿಣದ ಗಾಳಿಗೂ ನಮ್ಮ ಮಳೆಗೂ ಸಂಬಂಧ ಇದೆ ಎಂದು ಏನೇನೋ ಹೇಳಿದೆ. ಅವ್ವ ನಂಬಲಿಲ್ಲ, ಆದರೆ ತಡೆಯಲಿಲ್ಲ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಕರೆದೊಯ್ದು ಗದ್ದಿಗೆಗೆ ಹಣೆ ಹಚ್ಚಿಸಿದಳು. ನಮ್ಮ ಪಕ್ಕದಲ್ಲೇ ಸೌದಿಗೆ ಹೊರಟ ಮಗನನ್ನು ಕರೆತಂದಿದ್ದ ಒಬ್ಬ ಮುಸಲ್ಮಾನ ತಾಯಿ ನಿಂತಿದ್ದಳು. ಇಬ್ಬರೂ ತಮ್ಮ ತಮ್ಮ ಮಕ್ಕಳನ್ನು ಹೋಲಿಸಿ, ಯಾರ ಮಗ ಹೆಚ್ಚು ದೂರ ಹೊರಟವನು ಎಂದು ಮಾತಾಡಿಕೊಂಡರು. ಮುಂಡರಗಿಯ ಅತ್ತಿ ಸಿಂಗಟಾಲೂರು ವೀರಭದ್ರನ ಭಸ್ಮ ಕಟ್ಟಿಕೊಂಡು ಬಂದಳು. ಎಣ್ಣೆ ಡಬ್ಬಿ ತೊಳೆದು ಒಣಗಿಸಿ ಅದರ ತುಂಬ ಕಟಕ ರೊಟ್ಟಿ. ಮೇಲೆ ಗುರೆಳ್ಳ ಪುಡಿ, ಶೇಂಗಾ ಹಿಂಡಿ, ಅಗಸಿ ಹಿಂಡಿ. ಮದುವೆಯಾಗಿ ವರ್ಷವಾಗಿದ್ದ ಹೆಂಡತಿ ಎಲ್ಲ ಕಟ್ಟಿಕೊಟ್ಟಳು, ಮಾತಾಡಲಿಲ್ಲ. ಮಗು ಹೊಟ್ಟೆಯಲ್ಲಿತ್ತು.

ಗದಗಕ್ಕೆ ಬರುವ ಬಸ್ಸು ಮಾಗಡಿ ಕೆರೆಯ ಪಕ್ಕ ಹಾಯ್ದಾಗ ಹೆಬ್ಬಾತುಗಳು ಆಗಲೇ ಇಳಿದಿದ್ದವು. ಹಿಮಾಲಯ ದಾಟಿ ಚಳಿಗಾಲಕ್ಕೆ ನಮ್ಮ ಹೊಲಗಳಿಗೆ ಮೇಯಲು ಬರುವ ಪಟ್ಟೆತಲೆಯ ಹಕ್ಕಿಗಳು. ಕಂಡಕ್ಟರ್ ಅವುಗಳ ಕಡೆ ಕೈ ತೋರಿಸಿ, “ನೀವು ಹೊಂಟ್ರಿ, ಅವು ಬಂದ್ವು” ಎಂದು ನಕ್ಕ. ಗದಗಿನ ಸ್ಟೇಷನ್ನಿನಲ್ಲಿ ಮಿರ್ಚಿ-ಭಜಿ ತಿಂದು ಹುಬ್ಬಳ್ಳಿ, ಲೋಂಡಾ, ಕ್ಯಾಸಲ್ ರಾಕ್, ದೂಧಸಾಗರ ಇಳಿದು ವಾಸ್ಕೋ. ಆಗ ಹಡಗು ಹೊರಡುತ್ತಿದ್ದದ್ದು ಗೋವಾದಿಂದ. ಪೆಂಗ್ವಿನ್ ನಾಡಿಗೆ ಹೋಗುವ ದಾರಿ ನಮ್ಮ ರೈಲು ಹಳಿಯ ಕೊನೆಯಿಂದಲೇ ಶುರುವಾಗುತ್ತಿತ್ತೆಂಬುದು ನಮ್ಮ ಕಡೆಯ ಜನಕ್ಕೆ ಗೊತ್ತಿರಲಿಲ್ಲ.

ಸಮುದ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಲವತ್ತನೆಯ ಅಕ್ಷಾಂಶ ದಾಟಿದ ಮೇಲೆ ನಾನು ಹಾಸಿಗೆ ಬಿಟ್ಟು ಎದ್ದದ್ದೇ ಕಡಿಮೆ. ಒಂದು ರಾತ್ರಿ ಮಾತ್ರ ನೆನಪಿದೆ. ಹಡಗಿನ ಅಧಿಕಾರಿ ನಕ್ಷೆಯ ಮೇಲೆ ಬೆರಳಿಟ್ಟು ಮೇರಿಯನ್ ದ್ವೀಪ ತೋರಿಸಿದ. ದಕ್ಷಿಣ ಆಫ್ರಿಕಾದ್ದು, ಗಾಳಿ, ಮಳೆ, ಪಾಚಿ, ಹಕ್ಕಿ ಬಿಟ್ಟರೆ ಮತ್ತೇನೂ ಇಲ್ಲದ ನೆಲ. ಅಲ್ಲಿ 1948ರಿಂದ ಹವಾಮಾನದವರು ಸರದಿಯ ಮೇಲೆ ಒಂದೊಂದು ವರ್ಷ ಕಳೆಯುತ್ತ ಬಂದಿದ್ದಾರೆ. ಆ ಕತ್ತಲಲ್ಲಿ ಎಲ್ಲೋ ಒಬ್ಬ ನಮ್ಮ ಕಸುಬಿನವನು ಪೆಟ್ಟಿಗೆ ತೆರೆಯಲು ಎದ್ದಿರುತ್ತಾನೆ ಎಂದು ನೆನೆದು ಹೊಟ್ಟೆಯ ತೊಳಸು ಒಂದಿಷ್ಟು ಕಡಿಮೆಯಾಯಿತು.

ಮೈತ್ರಿ ಇರುವುದು ಶಿರ್ಮಾಕರ್ ಎಂಬ ಕಲ್ಲುಗುಡ್ಡಗಳ ಪಟ್ಟಿಯಲ್ಲಿ. ಸುತ್ತ ಹಿಮ, ನಡುವೆ ಸುಮಾರು 35 ಚದರ ಕಿಲೋಮೀಟರ್ ಬರಿಗಲ್ಲು, ಅದರ ತಗ್ಗುಗಳಲ್ಲಿ ನೂರಕ್ಕೂ ಹೆಚ್ಚು ಸಿಹಿನೀರಿನ ಕೆರೆ. ಅದರಲ್ಲೊಂದು ಪ್ರಿಯದರ್ಶಿನಿ, ಮೇಲೆ ಮಂಜುಗಟ್ಟಿದರೂ ಕೆಳಗೆ ನೀರು ಉಳಿಯುತ್ತದೆ, ನಾವು ಕುಡಿದದ್ದು ಅದನ್ನೇ. ಅದಕ್ಕೂ ಮೊದಲಿನ ದಕ್ಷಿಣ ಗಂಗೋತ್ರಿಯನ್ನು 1983-84ರಲ್ಲಿ ತೇಲುವ ಹಿಮದ ಹಾಸಿನ ಮೇಲೆ ಕಟ್ಟಿದ್ದರು. ಹಿಮ ಬಿದ್ದೂ ಬಿದ್ದೂ ಅದು ಹೂತುಹೋಯಿತು. ಆ ಪಾಠ ಕಲಿತು ಮೈತ್ರಿಯನ್ನು ಬಂಡೆಯ ಮೇಲೆ, ಉಕ್ಕಿನ ಕಾಲುಗಳ ಮೇಲೆ ನಿಲ್ಲಿಸಿದರು. ಕೆಳಗಿನಿಂದ ಗಾಳಿ ಹಾಯಬೇಕು, ಹಿಮ ನಿಲ್ಲಬಾರದು.

ಬೇಸಿಗೆಯಲ್ಲಿ ಜಾತ್ರೆ. ಹೆಲಿಕಾಪ್ಟರು, ಭೂಗರ್ಭದವರು, ಕಾಂತದ ಕ್ಷೇತ್ರ ಅಳೆಯುವವರು, ಎಂಜಿನಿಯರುಗಳು. ಹಡಗು ಹೊರಟ ದಿನ ಉಳಿದವರು ಇಪ್ಪತ್ತೈದರ ಆಸುಪಾಸು. ಹೆಲಿಕಾಪ್ಟರಿನ ಸದ್ದು ಅಡಗಿದ ಮೇಲೆ ಬಾಗಿಲ ಬಳಿ ನಿಂತವರಲ್ಲಿ ಯಾರೂ ಒಳಗೆ ಹೋಗಲು ಮೊದಲಿಗರಾಗಲಿಲ್ಲ. ಇನ್ನು ಮುಂದಿನ ಬೇಸಿಗೆಯವರೆಗೆ ಯಾರ ಮನೆಯಲ್ಲಿ ಏನೇ ಆಗಲಿ, ಹೋಗುವುದು ಇಲ್ಲ, ಬರುವುದು ಇಲ್ಲ. ಕೊನೆಗೆ ಗಢವಾಲದ ಅಡುಗೆ ಹವಾಲ್ದಾರ, “ಚಾಯ್ ಪಿಯೋಗೆ?” ಎಂದು ಕೇಳಿ ಎಲ್ಲರನ್ನೂ ಒಳಗೆ ಎಳೆದ.

ಜನರೇಟರ್ ಹಗಲೂ ರಾತ್ರಿ ಓಡುತ್ತಿತ್ತು. ಬೆಟಗೇರಿಯ ಅಟ್ಟದ ಮೇಲೆ ಮಲಗಿದಾಗ ಕೆಳಗಿನ ಮಗ್ಗದ ಸದ್ದು ಹೇಗೆ ಕಿವಿಗೆ ಬೀಳದಂತಾಗಿ, ನಿಂತಾಗ ಮಾತ್ರ ಎಚ್ಚರವಾಗುತ್ತಿತ್ತೋ ಹಾಗೆಯೇ ಇದು. ಒಂದು ರಾತ್ರಿ ನಿಂತಿತು. ಯಾರೂ ಕೂಗಲಿಲ್ಲ, ಎಲ್ಲರೂ ಒಟ್ಟಿಗೆ ಕಾಲಿಗೆ ಬೂಟು ಸಿಗಿಸಿಕೊಂಡು ಪಡಸಾಲೆಗೆ ಬಂದಿದ್ದೆವು. ಬಿಸಿ ಹೋದರೆ ಪೈಪಿನಲ್ಲಿ ನೀರು ಗಟ್ಟಿಯಾಗುತ್ತದೆ, ಪೈಪು ಒಡೆದರೆ ಮುಂದಿನದೆಲ್ಲ ಕೆಡುತ್ತದೆ. ಸೈನ್ಯದ ಹುಡುಗರು ಇನ್ನೊಂದು ಯಂತ್ರ ಎಬ್ಬಿಸುವವರೆಗೆ ಡಾಕ್ಟರು ಇಸ್ಪೀಟು ಹಂಚುತ್ತ ಕೂತಿದ್ದರು. ಅವರು ಮಂಗಳೂರು ಕಡೆಯವರು. ನೆಲೆಯಲ್ಲಿ ಕನ್ನಡ ಬಲ್ಲ ಇನ್ನೊಬ್ಬರು. ನನ್ನ ಕನ್ನಡ ಅವರಿಗೆ ಜಗಳದಂತೆ ಕೇಳುತ್ತಿತ್ತಂತೆ, ಅವರದು ನನಗೆ ಪಾಠ ಓದಿದಂತೆ.

ನನ್ನ ಕೆಲಸ ಗದಗಿನಲ್ಲಿ ಕಲಿತದ್ದೇ. ಗ್ರೀನಿಚ್ ಮೂರು ಗಂಟೆ ಅಂದರೆ ಅಲ್ಲಿ ಸರಿರಾತ್ರಿ ಕಳೆದ ಹೊತ್ತು. ಎದ್ದು, ಪದರ ಪದರ ಬಟ್ಟೆ ಹಾಕಿಕೊಂಡು, ಹಿಮಗಾಳಿ ಇದ್ದರೆ ಕಟ್ಟಿದ ಹಗ್ಗ ಹಿಡಿದು ಪೆಟ್ಟಿಗೆಯವರೆಗೆ. ಗಂಟೆಗೆ ನೂರು ಕಿಲೋಮೀಟರ್ ದಾಟುವ ಗಾಳಿಯಲ್ಲಿ ಒಬ್ಬನೇ ಹೋಗುವಂತಿಲ್ಲ, ಜೊತೆಗೊಬ್ಬ ಬೇಕು. ಒದ್ದೆ ಬಲ್ಬಿನ ಬಟ್ಟೆಯ ಮೇಲೆ ನೀರಿನ ಬದಲು ತೆಳು ಮಂಜಿನ ಪೊರೆ. ಪಾದರಸ ಮೈನಸ್ 39ರ ಹತ್ತಿರ ತಾನೇ ಗಟ್ಟಿಯಾಗುತ್ತದೆ, ಆದ್ದರಿಂದ ಕಡು ಚಳಿಗೆ ಮದ್ಯಸಾರದ ಥರ್ಮಾಮೀಟರ್. ಮೋಡ ನೋಡಬೇಕೆಂದರೆ ಕತ್ತಲಲ್ಲಿ ಎಲ್ಲಿ ಚುಕ್ಕಿ ಕಾಣುತ್ತಿಲ್ಲ ಎಂದು ಹುಡುಕಬೇಕು. ಎಷ್ಟು ದೂರ ಕಾಣುತ್ತದೆ ಎಂಬುದಕ್ಕೆ ಐದಾರು ಕಿಲೋಮೀಟರ್ ಒಳಗಿನ ರಷ್ಯನ್ನರ ನೊವೊಲಾಜಾರೆವ್ಸ್ಕಾಯಾ ನೆಲೆಯ ದೀಪವೇ ಗುರುತು. ಓದಿ ಬಂದು ಐದೈದು ಅಂಕಿಯ ಗುಂಪು ಮಾಡುವಾಗ ಗದಗಿನಲ್ಲಿ ಎಂಟೂವರೆ, ಹಿರಿಯರು ಎಲಿ-ಅಡಿಕಿ ಉಗುಳಿ ಬಾಗಿಲು ತೆರೆಯುತ್ತಿರುತ್ತಾರೆ ಎಂದು ಲೆಕ್ಕ ಹಾಕುತ್ತಿದ್ದೆ. ಅವರು ಆಗಲೇ ನಿವೃತ್ತರಾಗಿದ್ದರು. ಆದರೂ ನನ್ನ ಲೆಕ್ಕದಲ್ಲಿ ಅವರೇ ಇದ್ದರು.

ಮಾರ್ಚ್ ಕಳೆಯುವ ಹೊತ್ತಿಗೆ ಸ್ಕುವಾ ಹಕ್ಕಿಗಳು ಹೊರಟುಹೋದವು. ಅಡುಗೆಮನೆಯ ಹಿಂದೆ ಕಸಕ್ಕೆ ಕಾಯುತ್ತಿದ್ದ ಆ ಕಂದು ಕಳ್ಳರನ್ನು ಬೈಯುತ್ತಿದ್ದವರೇ ಅವು ಹೋದ ಮೇಲೆ ಆಕಾಶ ನೋಡತೊಡಗಿದರು. ಮೇ ಕೊನೆಗೆ ಸೂರ್ಯ ಮುಳುಗಿದ. ಮತ್ತೆ ಕಂಡದ್ದು ಜುಲೈ ಕೊನೆಗೆ.

ಈ ಎರಡು ತಿಂಗಳ ಬಗ್ಗೆ ಊರಲ್ಲಿ ಭಾಷಣ ಮಾಡುವಾಗ ಧ್ರುವಪ್ರಭೆಯ ಹಸಿರು ಪರದೆಯ ಬಗ್ಗೆ ಹೇಳುತ್ತಿದ್ದೆ. ಅದು ನಿಜ. ನಾವು ಹೇಗಿದ್ದೆವು ಎಂಬುದನ್ನು ಹೇಳುತ್ತಿರಲಿಲ್ಲ. ಒಬ್ಬ ವಿಜ್ಞಾನಿ ಇನ್ನೊಬ್ಬನೊಡನೆ ವಾರಗಟ್ಟಲೆ ಮಾತು ಬಿಟ್ಟ. ಕಾರಣ, ವಿಡಿಯೊ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತದೆ ಇಟ್ಟದ್ದು. ಪಾತ್ರೆ ತೊಳೆಯುವ, ಕಕ್ಕಸು ಬಳಿಯುವ ಪಾಳಿ ಎಲ್ಲರಿಗೂ ಸಮ ಎಂದು ಗೋಡೆಯ ಮೇಲೆ ಬರೆದಿತ್ತು. ಊರಿನಲ್ಲಿ ಯಾರು ಎಂದೂ ಕಸಬರಿಗೆ ಹಿಡಿದಿಲ್ಲ ಎಂಬುದು ಆ ಪಾಳಿಯಲ್ಲಿ ಗೊತ್ತಾಗುತ್ತಿತ್ತು, ಮತ್ತು ಯಾರು ಕಸಬರಿಗೆ ಹಿಡಿಯುವುದು ಇನ್ನೊಬ್ಬರ ಹಣೆಬರಹ ಎಂದು ನಂಬಿದ್ದಾರೆ ಎಂಬುದೂ. ಭೂಮಿಯ ತುದಿಗೆ ಹೋದರೂ ನಮ್ಮ ಜಾತಿ ನಮ್ಮ ಪೆಟ್ಟಿಗೆಯಲ್ಲೇ ಬಂದಿರುತ್ತದೆ. ಆ ಪಾಳಿಯನ್ನು ಮುರಿಯದೆ ನಡೆಸಿದ್ದು ನಮ್ಮ ನಾಯಕರ ದೊಡ್ಡತನ. ಯಾವ ವರದಿಯಲ್ಲೂ ಅದು ಬರಲಿಲ್ಲ.

ಜೂನ್ 21ಕ್ಕೆ ನಡುಚಳಿಗಾಲದ ಹಬ್ಬ. ಖಂಡದ ಎಲ್ಲ ನೆಲೆಗಳಿಂದ ಎಲ್ಲ ನೆಲೆಗಳಿಗೂ ಶುಭಾಶಯ. ಆ ದಿನ ನನ್ನ ಡಬ್ಬಿಯ ಕೊನೆಯ ರೊಟ್ಟಿಗಳನ್ನು ತೆಗೆದೆ. ಆರು ತಿಂಗಳು ಕಳೆದರೂ ಗರಿಗರಿ. ಅಷ್ಟು ಒಣ ಹವೆ. ಗುರೆಳ್ಳ ಪುಡಿಗೆ ಎಣ್ಣೆ ಹಾಕಿ ಕಲಸಿ ಕೊಟ್ಟರೆ ಹಬ್ಬಕ್ಕೆ ಬಂದಿದ್ದ ರಷ್ಯನ್ನರು ಮೂಸಿ ನೋಡಿ, ಮೆಲ್ಲಗೆ ತಿಂದು, ಮತ್ತೆ ಕೈ ಚಾಚಿದರು. ಆ ರಾತ್ರಿ ನಮ್ಮ ಗದಗ ಸೀಮೆಯ ಭೀಮಸೇನ ಜೋಶಿಯವರ ದಾಸರ ಪದಗಳ ಕ್ಯಾಸೆಟ್ ಹಾಕಿದ್ದೆ. ಗಢವಾಲಿ ಹವಾಲ್ದಾರನಿಗೆ ಒಂದು ಅಕ್ಷರ ತಿಳಿಯದಿದ್ದರೂ ಮರುದಿನದಿಂದ ಹಿಟ್ಟು ನಾದುವಾಗ ಅದನ್ನೇ ಗುನುಗುತ್ತಿದ್ದ.

ಜುಲೈಯಲ್ಲಿ ಅವನ ತಾಯಿ ತೀರಿಕೊಂಡ ಸುದ್ದಿ ಬಂತು. ಕೆಲಸ ಬಿಟ್ಟು ಮಲಗು ಎಂದರೆ ಕೇಳಲಿಲ್ಲ, ಹತ್ತು ದಿನ ಉಪ್ಪಿಲ್ಲದೆ ಉಂಡು ನಮಗೆಲ್ಲ ಉಪ್ಪು ಖಾರ ಸರಿಯಾಗಿ ಹಾಕಿ ಬಡಿಸಿದ. ಹನ್ನೊಂದನೆಯ ದಿನ ತಲೆ ಬೋಳಿಸಿದ್ದು ಡಾಕ್ಟರು. ನಂತರ ನಾವೆಲ್ಲ ಕೆರೆಯ ತನಕ ನಡೆದು ಹೋದೆವು. ಮಂಜು ಕೊರೆದು ಒಂದು ಚೊಂಬು ನೀರು ತೆಗೆದು ಅವನು ಅರ್ಘ್ಯ ಬಿಟ್ಟ. ಹನಿಗಳು ನೆಲ ಮುಟ್ಟುತ್ತಲೇ ಗಟ್ಟಿಯಾದವು.

ಉಪಗ್ರಹ ಫೋನಿತ್ತು. ನಿಮಿಷಕ್ಕೆ ಇಷ್ಟು ಎಂದು ಎದೆ ಝಲ್ಲೆನ್ನುವ ದರ. ಲಕ್ಷ್ಮೇಶ್ವರದ ದಲಾಲಿ ಅಂಗಡಿಗೆ ಮಾಡಬೇಕು. ಮೊದಲೇ ಹೇಳಿಕಳಿಸಿದ ದಿನ ಮನೆಯವರು ಬಂದು ಕಾಯಬೇಕು. ಮಾತು ತಲುಪಲು ಒಂದು ಗಳಿಗೆ ತಡ, ಹಾಗಾಗಿ ಇಬ್ಬರೂ ಒಟ್ಟಿಗೆ ಮಾತಾಡಿ ಇಬ್ಬರೂ ಒಟ್ಟಿಗೆ ಸುಮ್ಮನಾಗುತ್ತಿದ್ದೆವು. ಅವ್ವ ಪ್ರತಿ ಸಲವೂ “ಉಂಡಿಯೇನಪಾ?” ಎಂದೇ ಶುರು. ಒಮ್ಮೆ ಮಳೆ ಹೇಗಿದೆ ಎಂದು ಕೇಳಿದೆ. “ಹಸಿ ಗೇಣು ಇಳದೈತಿ ಅಂತ ನಿಮ್ಮಪ್ಪ ಬರ್ದಾನ.” ಮಗ ಹುಟ್ಟಿದ ಸುದ್ದಿ ಬಂದದ್ದೂ ಆ ಫೋನಿನಲ್ಲೇ. ಹೆಂಡತಿಯ ದನಿ ಕೇಳಿದ್ದು ಕಡಿಮೆ. ಅಂಗಡಿಯ ಗುಮಾಸ್ತರು, ಹಮಾಲರು, ಮಾವ, ಎಲ್ಲರ ನಡುವೆ ನಿಂತು ಆಕೆ ಏನು ತಾನೇ ಮಾತಾಡಬಹುದಿತ್ತು?

ಸೂರ್ಯ ಮರಳಿದ ಮೇಲೆ ಬಲೂನಿನ ಕಾಲ. ಓಝೋನ್ ಅಳೆಯುವ ಪುಟ್ಟ ಪೆಟ್ಟಿಗೆ ಕಟ್ಟಿ ಬಿಟ್ಟರೆ ಅದು ಮೂವತ್ತು ಕಿಲೋಮೀಟರ್ ಸುಮಾರಿಗೆ ಏರಿ ಒಡೆಯುತ್ತದೆ. ದಾರಿಯುದ್ದ ಸಂಕೇತ ಕಳಿಸುತ್ತದೆ. ಸೆಪ್ಟೆಂಬರ್ ದಾಟುತ್ತಿದ್ದಂತೆ, ಓಝೋನ್ ದಟ್ಟವಾಗಿರಬೇಕಾದ ಎತ್ತರದಲ್ಲೇ ಗೆರೆ ಕುಸಿದು ಸೊನ್ನೆಯತ್ತ ಬರುವುದನ್ನು ಕಣ್ಣಾರೆ ನೋಡಿದೆ. ಈ ಓಝೋನ್ ರಂಧ್ರವನ್ನು 1985ರಲ್ಲಿ ಜಗತ್ತಿಗೆ ಹೇಳಿದವರು ಬ್ರಿಟಿಷರ ಹ್ಯಾಲಿ ನೆಲೆಯ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್. ದೊಡ್ಡ ಯಂತ್ರವೇನೂ ಇರಲಿಲ್ಲ. ಐವತ್ತರ ದಶಕದಿಂದ ಒಂದೇ ಜಾಗದಲ್ಲಿ ವರ್ಷ ವರ್ಷ ತಪ್ಪದೆ ಅಳೆದು ಇಟ್ಟ ಲೆಕ್ಕ ಇತ್ತು, ಅದಕ್ಕೇ ಕುಸಿತ ಕಂಡಿತು. ಎರಡು ವರ್ಷದಲ್ಲಿ ಮಾಂಟ್ರಿಯಲ್ ಒಪ್ಪಂದ ಆಯಿತು. ಅವ್ವ ಕೇಳಿದ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಆಗ. ಊರಿಗೆ ಬಂದು ಹೇಳುವ ಹೊತ್ತಿಗೆ ಆಕೆ ಕೇಳಿದ್ದನ್ನೇ ಮರೆತಿದ್ದಳು.

ಬೆಳಕು ಬಂದ ಮೇಲೆ ಒಂದು ದಿನ ಜಾರ್ಜ್ ಫೋರ್ಸ್ಟರ್ ನೆಲೆಯ ಕಡೆ ನಡೆದೆವು. ಪೂರ್ವ ಜರ್ಮನಿಯವರು 1976ರಲ್ಲಿ ಶುರು ಮಾಡಿದ್ದು. ಅವರ ತಂಡವೊಂದು 1989ರಲ್ಲಿ ಮನೆಯಿಂದ ಹೊರಟಾಗ ಅವರಿಗೊಂದು ದೇಶವಿತ್ತು. ಮರಳಿದಾಗ ಆ ದೇಶ ನಕ್ಷೆಯಲ್ಲಿ ಇರಲಿಲ್ಲ. ನಾನು ನೋಡಿದಾಗ ಅರ್ಧ ಖಾಲಿ. 1996ರ ಹೊತ್ತಿಗೆ ಇಡೀ ನೆಲೆಯನ್ನು ಬಿಚ್ಚಿ ಒಯ್ದರು. ಅಲ್ಲಿ ಈಗ ಒಂದು ಕಂಚಿನ ಫಲಕ ಇದೆ, ಅಷ್ಟೇ. ಆದರೆ ಅವರು 1985ರಲ್ಲಿ ಶುರುಮಾಡಿದ ಓಝೋನ್ ಬಲೂನಿನ ಲೆಕ್ಕ ನಿಲ್ಲಲಿಲ್ಲ. ಏಳುನೂರು ಕಿಲೋಮೀಟರಿಗೂ ಹೆಚ್ಚು ದೂರದ ನಾಯ್ಮೇಯರ್ ನೆಲೆಯಲ್ಲಿ 1992ರಿಂದ ಅದೇ ಸರಣಿ ಮುಂದುವರಿಯಿತು. ಮನೆ ಹೋಯಿತು, ದೇಶವೂ ಹೋಯಿತು, ವಹಿ ಉಳಿಯಿತು. ಮೈತ್ರಿಯ ಸುದ್ದಿ ಓದಿದಾಗ ಹೊಟ್ಟೆಯಲ್ಲಿ ಚುರ್ ಅಂದದ್ದು ನಿಜ, ಆದರೆ ನನಗೆ ಮೊದಲು ನೆನಪಾದದ್ದು ಆ ಅರ್ಧ ಖಾಲಿ ಕೋಣೆಗಳು.

ಹೊಸ ತಂಡ ಬಂದಿಳಿದ ದಿನ ನಾವು ಅವರನ್ನು ಮನುಷ್ಯರನ್ನು ಮೊದಲ ಸಲ ನೋಡುವವರಂತೆ ನೋಡಿದೆವು. ಸೋಪಿನ, ಹಸಿ ತರಕಾರಿಯ ವಾಸನೆ. ಜೋರು ದನಿ. ಎರಡೇ ದಿನಕ್ಕೆ ನಮಗೆ ಸಿಟ್ಟು ಬರತೊಡಗಿತು. ನಾವು ಇಟ್ಟ ಜಾಗದಲ್ಲಿ ಚಮಚ ಇರುತ್ತಿರಲಿಲ್ಲ. ಹೋಗಲು ಹಂಬಲಿಸಿದವರೇ, ಬಂದವರನ್ನು ಒಳಗೆ ಬಿಡಲು ಹಿಂದೆಮುಂದೆ ನೋಡುತ್ತಿದ್ದೆವು. ವರ್ಷದ ಕಸ, ಖಾಲಿ ಡ್ರಮ್ಮು, ಕೆಟ್ಟ ಎಣ್ಣೆ ಎಲ್ಲವನ್ನೂ ಲೆಕ್ಕ ಹಚ್ಚಿ ಹಡಗಿಗೆ ಸಾಗಿಸುವುದರಲ್ಲೇ ಕೊನೆಯ ದಿನಗಳು ಹೋದವು. ಇದು ಯಾವ ಚಿತ್ರದಲ್ಲೂ ಬರುವುದಿಲ್ಲ: ಅಂಟಾರ್ಕ್ಟಿಕಾದಲ್ಲಿ ಬೀಳ್ಕೊಡುಗೆ ಅಂದರೆ ಮುಕ್ಕಾಲು ಪಾಲು ಕಸ ಹೊರುವುದು.

ಕೊನೆಯ ಮೂರು ಗಂಟೆಯ ಓದನ್ನು ಹೊಸ ಹುಡುಗನೂ ನಾನೂ ಸೇರಿ ಮಾಡಿದೆವು. ಅವನು ಸುಮಾರಾಗಿ ಇಷ್ಟು ಎಂದ. ಗದಗಿನ ಹಿರಿಯರು ಹೇಳಿದ್ದನ್ನು ಹಿಂದಿಯಲ್ಲಿ ಹೇಳಿದೆ. ಪುಸ್ತಕದಲ್ಲಿ ಒಂದೇ ಸಾಲಿನಡಿ ಇಬ್ಬರೂ ಸಹಿ ಹಾಕಿದೆವು. ಹವಾಲ್ದಾರ ಎಲ್ಲರಿಗೂ ಪೂರಿ ಕರಿದ. ಹೆಲಿಕಾಪ್ಟರಿನಲ್ಲಿ ಯಾರೂ ಅಳಲಿಲ್ಲ. ಹಡಗಿನಲ್ಲಿ ಮಾತ್ರ ವಾರದವರೆಗೆ ಊಟಕ್ಕೆ ಅದೇ ಮೇಜಿನ ಸುತ್ತ, ಅದೇ ಕುರ್ಚಿಗಳ ಕ್ರಮದಲ್ಲಿ ಕೂರುತ್ತಿದ್ದೆವು. ವಿಳಾಸ ಬರೆದುಕೊಂಡೆವು. ಒಂದೆರಡು ವರ್ಷ ಪತ್ರ ನಡೆದವು, ಆಮೇಲೆ ನಿಂತವು. ಈಗ ವಾಟ್ಸ್ಆ್ಯಪ್ ಗುಂಪು ಇದೆ. ಬೆಳಗಿನ ಹೂವಿನ ಚಿತ್ರ ಬರುತ್ತದೆ, ನಡುನಡುವೆ ಯಾರೋ ಹೋದ ಸುದ್ದಿ. ಕ್ಯಾಸೆಟ್ಟಿನ ಜಗಳದವರಿಬ್ಬರೂ ಆಪ್ತರಾಗಿ ಒಂದೇ ಊರಲ್ಲಿ ಮನೆ ಕಟ್ಟಿಸಿದ್ದಾರೆ.

ಊರಲ್ಲಿ ಸನ್ಮಾನ. ಶಾಲು, ಹಾರ, ಬ್ಯಾಂಡು. ಶಾಲೆಯ ಹುಡುಗರು ಹಿಮಕರಡಿ ಎಷ್ಟು ದೊಡ್ಡದಿತ್ತು ಎಂದು ಕೇಳಿದರು. ಅದು ಉತ್ತರ ಧ್ರುವದ ಕಡೆಯದು, ನಮ್ಮಲ್ಲಿ ಇರಲಿಲ್ಲ ಎಂದಾಗ ಆ ಮುಖಗಳು ಬಾಡಿದ್ದು ನೋಡಬೇಕಿತ್ತು. ಪತ್ರಿಕೆಯವರು ‘ಸಾಹಸಿ’ ಎಂದು ಬರೆದರು. ಆ ಪುಟವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆ. ಬಹಳ ವರ್ಷದ ಮೇಲೆ, ಯಾರೋ ನೆಂಟರಿಗೆ ಅದನ್ನು ತೋರಿಸುತ್ತಿದ್ದಾಗ ಹೆಂಡತಿ ಒಳಗಿನಿಂದ ಹೇಳಿದಳು: “ಆ ವರ್ಷ ನಮ್ಮ ಮನ್ಯಾಗ ಏನ್ ಆಗಿತ್ತು ಅಂತ ಯಾರೂ ಪೇಪರಿನ್ಯಾಗ ಬರೀಲಿಲ್ಲ ನೋಡ್ರಿ.” ಎಳೆಗೂಸಿಗೆ ಜ್ವರ ಏರಿ ಕಣ್ಣು ಮೇಲಾದ ರಾತ್ರಿ, ಮುಂಡರಗಿ ಅತ್ತಿಯ ಮಗನ ಟ್ರ್ಯಾಕ್ಟರಿನಲ್ಲಿ ಗದಗಕ್ಕೆ ಹೋದದ್ದನ್ನು ಆಕೆ ನನಗೆ ಫೋನಿನಲ್ಲಿ ಹೇಳಿರಲಿಲ್ಲ. ಹೇಳಿದರೂ ನಾನು ಬರುವಂತಿರಲಿಲ್ಲ. ಅದು ಆಕೆಗೆ ಗೊತ್ತಿತ್ತು. ನಾನು ಓದಿದ ಪ್ರತಿ ಅಂಕಿಗೂ ಇಲಾಖೆಯಲ್ಲಿ ಪುಸ್ತಕವಿದೆ. ಆಕೆಯ ಆ ವರ್ಷಕ್ಕೆ ಎಲ್ಲೂ ಇಲ್ಲ. ಆ ಚೌಕಟ್ಟು ಈಗ ಗೋಡೆಯ ಮೇಲಿಲ್ಲ.

ಈಗಿನವರು ಕೇಪ್‌ಟೌನಿನಿಂದ ವಿಮಾನ ಹತ್ತಿದರೆ ಆರು ತಾಸಿನಲ್ಲಿ ಅಲ್ಲಿ. ವಿಡಿಯೊದಲ್ಲಿ ಮಕ್ಕಳ ಮುಖ ನೋಡುತ್ತ ಊಟ ಮಾಡುತ್ತಾರೆ. 2012ರಲ್ಲಿ ಭಾರತಿ ಎಂಬ ಹೊಸ ನೆಲೆ ಆಯಿತು, ಮೈತ್ರಿಯಿಂದ ಸುಮಾರು 3,000 ಕಿಲೋಮೀಟರ್ ಪೂರ್ವಕ್ಕೆ. ಡಾಕ್ಟರ್ ಕನ್ವಲ್ ವಿಲ್ಕು 2000ದಲ್ಲೇ ಮೈತ್ರಿಯಲ್ಲಿ ಚಳಿಗಾಲ ಕಳೆದು, ಇದು ಗಂಡಸರ ಜಾಗ ಎಂಬ ಮಾತನ್ನು ಮುಗಿಸಿದರು. ನಮ್ಮ ಕಡೆಯೂ ಎಲ್ಲ ಬದಲಾಗಿದೆ. ನಾನು ಹೊರಟಾಗ ಧಾರವಾಡ ಜಿಲ್ಲೆಯಲ್ಲಿದ್ದ ಗದಗ 1997ರಲ್ಲಿ ತಾನೇ ಜಿಲ್ಲೆಯಾಯಿತು, ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿವೆ, ಮಾಗಡಿ ಕೆರೆ 2024ರಲ್ಲಿ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಗ್ರಾಮ ಪಂಚಾಯ್ತಿಗೊಂದು ಮಳೆಮಾಪಕ ಬಂದಿದೆ. ಹದಿನೈದು ನಿಮಿಷಕ್ಕೊಮ್ಮೆ ತಾನೇ ಲೆಕ್ಕ ಕಳಿಸುತ್ತದೆ. ಒಳ್ಳೆಯದೇ. ಎಲಿ-ಅಡಿಕಿಯವರೂ ಬೇಡ, ನಾನೂ ಬೇಡ.

ಆದರೆ ಆ ಯಂತ್ರಗಳು ಬರುವ ಮೊದಲಿನ ನಮ್ಮ ಹಳ್ಳಿಗಳ ಮಳೆ ಎಲ್ಲಿದೆ? ಮಳೆಮಾಪಕ ಇದ್ದದ್ದು ದೊಡ್ಡ ಊರುಗಳಲ್ಲಿ; ನಡುವಿನ ಹಳ್ಳಿಗೆ ಅದು ತಲುಪಿರಲಿಲ್ಲ, ಮಳೆ ಮಾತ್ರ ಹೊಲದಿಂದ ಹೊಲಕ್ಕೆ ಬೇರೆ. ಅಪ್ಪ ಹೋದ ಮೇಲೆ ಅವನ ವಹಿಗಳನ್ನು ನಾನು ತಂದಿಟ್ಟುಕೊಂಡೆ. ನಿವೃತ್ತಿಯ ಮೇಲೆ ಕೂತು ಇಲಾಖೆಯ ಅಂಕಿಗಳ ಪಕ್ಕ ಅವನ ಗೇಣು-ಬೆರಳುಗಳನ್ನು ಇಟ್ಟು ನೋಡಿದೆ. ಬರದ ವರ್ಷ, ಒಳ್ಳೆಯ ವರ್ಷ ಹೆಚ್ಚುಕಡಿಮೆ ಸರಿಯಾಗಿಯೇ ಕೂಡುತ್ತವೆ. ಕೂಡದ ಕಡೆ ತಪ್ಪು ಅಪ್ಪನದೇ ಎಂದು ನಾನು ಹೇಳಲಾರೆ, ಯಾಕೆಂದರೆ ಅವನು ಬರೆದದ್ದು ನಮ್ಮ ಹೊಲದ ಮಳೆ.

ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಸೀಮೆಯ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಅಟ್ಟದ ಮೇಲೂ ಇಂಥ ವಹಿ ಇರಬಹುದು. ಅಜ್ಜ ಬರೆದದ್ದು, ಅಂಗಡಿಯವರು ಬರೆದದ್ದು, ಮಠದವರು ಬರೆದದ್ದು. ರದ್ದಿಯವನಿಗೆ ತೂಗುವ ಮೊದಲು ಒಂದೊಂದು ಪುಟದ ಫೋಟೊ ತೆಗೆಯಿರಿ, ಯಾವ ಊರು, ಯಾವ ಹೊಲ, ಯಾವ ವರ್ಷ ಎಂದು ಬರೆಯಿರಿ. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೋ ಒಂದು ಪ್ರತಿ ಮುಟ್ಟಿಸಿ. ‘ಇಲ್ಲ’ ಎಂದು ಬರೆದ ಪುಟಗಳನ್ನು ಬಿಡಬೇಡಿ.